ಓದುಗರ ಪ್ರಶ್ನೆ: ಈ ಗಾಳಿ ಎಲ್ಲಿಂದ ಬರ್ತದ, ನಮ್ಮ ಮಳಿ ಎಲ್ಲಿಂದ ಬರ್ತದ?

ಈ ತಿಂಗಳು ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ಕೂಡಿಸಿ ನೋಡಿದ್ರ ಅರ್ಧಕ್ಕಿಂತ ಜಾಸ್ತಿ ಗಾಳಿ, ಮಳಿ, ಸಮುದ್ರದ ಬಗ್ಗೇನೇ ಅವ. ಹಂಗಾಗಿ ಬ್ಯಾರೆ ಪ್ರಶ್ನೆಗೋಳನ್ನ ಮುಂದಿನ ಸಂಚಿಕೆಗಿಟ್ಟು ಈ ಸಲ ಇವನ್ನಷ್ಟೇ ತಗೊಂಡೀನಿ. ಹೆಸರು ಹಾಕಬ್ಯಾಡ್ರಿ ಅಂತ ಇಬ್ಬರು ಮೂವರು ಬರದಾರ, ಅದಕ್ಕ ಯಾರ ಹೆಸರೂ ಹಾಕಿಲ್ಲ, ಊರಷ್ಟೇ ಹಾಕೀನಿ.

ಅಫಜಲಪುರ ತಾಲೂಕಿನಿಂದ ಒಬ್ಬ ರೈತರು: ಮಿರಗ ಹೊಕ್ಕಿತು ಅಂದ್ರ ಪಡುವಣ ಗಾಳಿ ಎಂಥಾ ಜೋರು ಬೀಸ್ತದಂದ್ರ ತಲಿ ಮ್ಯಾಲಿನ ರುಮಾಲ ನಿಲ್ಲಲ್ಲ, ಮೋಡನೂ ಸಾಲುಸಾಲು ಹೋಗ್ತಾವ, ಆದ್ರ ಹನಿ ಬೀಳಲ್ಲ. ಹೊಳಿ ಮಾತ್ರ ತುಂಬಿ ಬರ್ತದ. ಇದು ಹ್ಯಾಂಗ್ರಿ?

ಅಣ್ಣಾರ, ನೀವು ನೋಡಿದ್ದು ಬರಾಬರ್ ಅದ, ಮತ್ತ ನಿಮ್ಮ ಪ್ರಶ್ನೆಯೊಳಗೇ ಅರ್ಧ ಉತ್ತರನೂ ಅದ. ಆ ಗಾಳಿ ಸಾವಿರಾರು ಕಿಲೋಮೀಟರ್ ಸಮುದ್ರದ ಮ್ಯಾಲೆ ಬಂದದ್ದು, ತುಂಬ ನೀರು ಹೊತ್ಕೊಂಡೇ ಬರ್ತದ. ಆದ್ರ ನಮ್ಮಲ್ಲಿಗಿ ಬರೋಕಿಂತ ಮೊದಲ ಸಹ್ಯಾದ್ರಿ ಗುಡ್ಡ ಅಡ್ಡ ನಿಲ್ತದ. ಗಾಳಿ ಗುಡ್ಡ ಹತ್ತಬೇಕು, ಹತ್ತತಾ ಹತ್ತತಾ ತಣ್ಣಗಾಗ್ತದ, ತಣ್ಣಗಾದ ಗಾಳಿಗಿ ಅಷ್ಟು ನೀರು ಹಿಡ್ಕೊಳ್ಳಾಕ ಆಗಲ್ಲ, ಅಲ್ಲೇ ಸುರೀತದ. ಆಗುಂಬೆಯಾಗ ವರ್ಷಕ್ಕ 7000 ಮಿಲಿಮೀಟರಿಗಿಂತ ಜಾಸ್ತಿ, ಮಹಾಬಳೇಶ್ವರದಾಗ 5000ಕ್ಕಿಂತ ಜಾಸ್ತಿ ಬೀಳ್ತದ. ಗುಡ್ಡ ದಾಟಿ ಈ ಕಡಿ ಇಳಿಯೋವಾಗ ಅದೇ ಗಾಳಿ ಒತ್ತಿಕೊಂಡು ಬೆಚ್ಚಗಾಗ್ತದ, ಉಳಿದ ಮೋಡನೂ ಕರಗ್ತದ. ಕಲಬುರಗಿಗಿ ಬರೋಷ್ಟೊತ್ತಿಗಿ ಬರೀ ಜೋರು ಉಳಿದಿರ್ತದ, ನೀರಿರಲ್ಲ. ನಮಗ ವರ್ಷದ ಸರಾಸರಿ 750-800 ಮಿಲಿಮೀಟರ್ ಅಷ್ಟೇ, ಮಂಗಳೂರಿಗಿ 3500ಕ್ಕಿಂತ ಜಾಸ್ತಿ. ಇದಕ್ಕೇ ಮಳಿ ನೆರಳಿನ ನಾಡು ಅನ್ನೋದು.

ಇನ್ನ ಹೊಳಿ ಮಾತು. ಭೀಮಾ ಹುಟ್ಟೋದೇ ಭೀಮಾಶಂಕರದಾಗ, ಆ ಗಾಳಿ ನೀರು ಕೊಡವೋ ಗುಡ್ಡದ ನೆತ್ತಿ ಮ್ಯಾಲ. ಅಂದ್ರ ನಿಮ್ಮ ಹೊಲದ ಮ್ಯಾಲ ಬೀಳಬೇಕಾಗಿದ್ದ ನೀರನ್ನ ಗುಡ್ಡ ಕಸ್ಕೊಳ್ತದ, ಅದರಾಗಿನ ಒಂದು ಪಾಲು ಹೊಳಿ ಹಿಡಿದು ಹದಿನೈದಿಪ್ಪತ್ತು ದಿನ ತಡ ಮಾಡಿ ನಿಮ್ಮ ಊರ ಮುಂದ ಹಾದುಹೋಗ್ತದ. ನಾ ಸಣ್ಣಾವಿದ್ದಾಗ ಇದು ಭಾಳ ತ್ರಾಸು ಕೊಡ್ತಿತ್ತು ನೋಡ್ರಿ, ದಂಡಿಗಿ ನಿಂತು ಕೆಂಪು ನೀರು ತುಂಬಿ ಹರಿಯೋದು ನೋಡೋದು, ತಿರುಗಿ ನೋಡಿದ್ರ ಹೊಲದಾಗ ತೊಗರಿ ಎರಡೆಲಿ ಬಿಟ್ಟು ಬಾಡಿ ನಿಂತಿರ್ತಿತ್ತು.

ಹಂಗಾದ್ರ ನಮಗ ಬೀಳೋ ಮಳಿ ಎಲ್ಲಿದು? ಇದು ಭಾಳ ಮಂದಿಗಿ ಗೊತ್ತಿಲ್ಲ. ಅರಬ್ಬಿ ಸಮುದ್ರ ಕಲಬುರಗಿಯಿಂದ ನೆಟ್ಟಗ ಪಶ್ಚಿಮಕ್ಕ ಸುಮಾರು 375 ಕಿಲೋಮೀಟರ್, ಪೂರ್ವದ ಕಾಕಿನಾಡ ಸುಮಾರು 570 ಕಿಲೋಮೀಟರ್. ಹತ್ರದ ಸಮುದ್ರ ಕೈಕೊಡ್ತದ, ದೂರದ್ದು ಕೈಹಿಡೀತದ. ಬಂಗಾಳ ಕೊಲ್ಲಿಯಾಗ ವಾಯುಭಾರ ಕುಸಿತ ಆಯ್ತು ಅಂತ ಟಿವಿಯಾಗ ಹೇಳ್ತಾರಲ್ಲ, ಆ ಸುಳಿ ಒರಿಸ್ಸಾ ಇಲ್ಲಾ ಆಂಧ್ರದ ದಂಡಿ ಹತ್ತಿ ಪಶ್ಚಿಮಕ್ಕ ಸರೀತದ, ತನ್ನ ಸುತ್ತಮುತ್ತಲಿನ ಹಸಿಗಾಳಿ ಎಲ್ಲಾ ಎಳ್ಕೊಂಡು ಮ್ಯಾಲಕ್ಕ ಎತ್ತತದ, ಅದಕ್ಕ ಗುಡ್ಡ ಬೇಕಾಗಿಲ್ಲ, ತಾನೇ ಗುಡ್ಡದ ಕೆಲಸ ಮಾಡ್ತದ. ತೆಲಂಗಾಣದ ಮ್ಯಾಲೆ ಹಾದು ಬಂತಂದ್ರ ನಮಗ ಮಳಿ. ಉತ್ತರಿ ಮಳಿ, ಹಸ್ತದ ಮಳಿ ನಂಬಿ ನಮ್ಮ ಹಿರಿಯರು ಹಿಂಗಾರಿ ಜ್ವಾಳ ಬಿತ್ತಿದ್ದು ಸುಮ್ಮನ ಅಲ್ಲ. ಆ ಹೊತ್ತಿಗಿ ಪಡುವಣ ಗಾಳಿ ಸೋತಿರ್ತದ, ಕೊಲ್ಲಿ ಕಡಿಯಿಂದ ಹಸಿ ಬರಾಕ ದಾರಿ ಬಿಟ್ಟಿರ್ತದ.

2020ರ ಅಕ್ಟೋಬರ್ ನೆನಪದ ಏನ್ರಿ? 13ನೇ ತಾರೀಕು ಕೊಲ್ಲಿಯಿಂದ ಬಂದ ಸುಳಿ ಕಾಕಿನಾಡದ ಹತ್ರ ದಂಡಿ ಹತ್ತಿತು, ಮರುದಿನ ಅಷ್ಟೊತ್ತಿಗಿ ಹೈದರಾಬಾದ್ ಮುಳುಗಿಸಿ ನಮ್ಮ ತಲಿ ಮ್ಯಾಲ ಬಂತು, ಅಲ್ಲಿಂದ ಸೋಲಾಪುರ ಕಡಿ ಹೋಗಿ ಉಜನಿ ಡ್ಯಾಮ್ ತುಂಬಿಸಿ ಆ ನೀರೆಲ್ಲಾ ಮತ್ತ ಭೀಮಾ ಹಿಡಿದು ನಿಮ್ಮ ಊರಿಗೇ ಬಂತು. ಒಂದೇ ಸುಳಿ ಎರಡು ಸಲ ಹೊಡೀತು, ಮೊದಲ ಆಕಾಶದಿಂದ, ಆಮ್ಯಾಲ ಹೊಳಿಯಿಂದ. ಅವತ್ತು ಕೊಯ್ಯಾಕ ಬಂದಿದ್ದ ಸೋಯಾ, ಹೂವಿಗಿ ಬಂದಿದ್ದ ತೊಗರಿ ನೀರಾಗ ನಿಂತದ್ದು ನೋಡಿದವರು ಯಾರೂ ಮರೆಯಲ್ಲ.

ಹುಮನಾಬಾದಿನಿಂದ ಪಿಯುಸಿ ವಿದ್ಯಾರ್ಥಿನಿ: ಸರ್, ದಕ್ಷಿಣದ ಆಗ್ನೇಯ ವಾಣಿಜ್ಯ ಮಾರುತ ಸಮಭಾಜಕ ವೃತ್ತ ದಾಟಿದ ಮ್ಯಾಲ ನೈಋತ್ಯ ಮಾನ್ಸೂನ್ ಆಗ್ತದ ಅಂತ ಪುಸ್ತಕದಾಗದ. ಬಾಯಿಪಾಠ ಮಾಡೀನಿ, ಆದ್ರ ತಿಳೀವಲ್ದು. ಗಾಳಿ ಯಾಕ ತಿರುಗಬೇಕು?

ತಂಗಿ, ತಿಳೀವಲ್ದು ಅಂತ ಬರದಿ ನೋಡು, ಅದು ಭಾಳ ಚೊಲೋ ಮಾಡಿದಿ. ಅಡಗಿ ಮನ್ಯಾಗ ಹೋಗು. ಒಂದು ದೊಡ್ಡ ತಾಟಿನಾಗ ಜ್ವಾಳದ ಹಿಟ್ಟು ತೆಳ್ಳಗ ಹರವು. ಅವ್ವಗ ಹೇಳಿ ಆ ತಾಟು ಗಡಿಯಾರದ ಮುಳ್ಳಿನ ಉಲ್ಟಾ ದಿಕ್ಕಿಗಿ ನಿಧಾನ ತಿರುಗಿಸಾಕ ಹಚ್ಚು. ನೀ ಬೆರಳು ನಡುವಿಟ್ಟು ನಿನ್ನ ಕಡಿ ನೆಟ್ಟಗ ಎಳ್ಕೋ. ಕೈ ನೆಟ್ಟಗೇ ಬಂದಿರ್ತದ, ಹಿಟ್ಟಿನಾಗಿನ ಗೆರಿ ಮಾತ್ರ ಬಲಕ್ಕ ಡೊಂಕಾಗಿರ್ತದ. ತಾಟು ಉಲ್ಟಾ ತಿರುಗಿಸಿದ್ರ ಎಡಕ್ಕ ಡೊಂಕು. ಉತ್ತರ ಧ್ರುವದ ಮ್ಯಾಲೆ ನಿಂತು ನೋಡಿದ್ರ ಭೂಮಿ ಮೊದಲನೇ ತಾಟು, ದಕ್ಷಿಣದಿಂದ ನೋಡಿದ್ರ ಎರಡನೇದು. ಗಾಳಿ ತನ್ನ ಪಾಡಿಗಿ ಹೋಗ್ತದ, ಕೆಳಗಿನ ಭೂಮಿ ತಿರುಗಿಬಿಡ್ತದ.

ಲೆಕ್ಕದಾಗ ಬೇಕಂದ್ರ ಹಿಂಗ ನೋಡು. ಸಮಭಾಜಕದ ಮ್ಯಾಲಿನ ನೆಲ ಪೂರ್ವಕ್ಕ ಗಂಟೆಗಿ ಸುಮಾರು 1670 ಕಿಲೋಮೀಟರ್ ಸ್ಪೀಡಿಲೆ ಓಡ್ತಿರ್ತದ, 17 ಡಿಗ್ರಿಯೊಳಗಿರೋ ನಮ್ಮ ನೆಲ ಸುಮಾರು 1595, 30 ಡಿಗ್ರಿಯೊಳಗ 1446. ದಕ್ಷಿಣದ 30 ಡಿಗ್ರಿಯಿಂದ ಹೊರಟ ಗಾಳಿ ನಿಧಾನದ ನೆಲದಿಂದ ಜೋರಿನ ನೆಲಕ್ಕ ಬರ್ತದ, ಹಿಂದ ಬೀಳ್ತದ, ಹಂಗಾಗಿ ಆಗ್ನೇಯದಿಂದ ಬಂದಂಗ ಕಾಣ್ತದ. ಸಮಭಾಜಕ ದಾಟಿ ಈ ಕಡಿ ಬಂದ ಮ್ಯಾಲ ಜೋರಿನ ನೆಲದಿಂದ ನಿಧಾನದ ನೆಲಕ್ಕ ಬರ್ತದ, ಈಗ ಮುಂದ ಓಡ್ತದ, ಅಂದ್ರ ಪೂರ್ವಕ್ಕ ಸರೀತದ, ನಮಗ ನೈಋತ್ಯದಿಂದ ಬಂದಂಗ ಆಗ್ತದ. ಹ್ಯಾಡ್ಲಿ ಅನ್ನೋ ಇಂಗ್ಲೆಂಡಿನ ವಕೀಲ 1735ರಾಗೇ ಈ ವಿಚಾರ ಹೇಳಿದ್ದ, ಗಣಿತ ಗಟ್ಟಿ ಆಗಿದ್ದು 1835ರಾಗ ಫ್ರಾನ್ಸಿನ ಕೊರಿಯಾಲಿಸ್ ಕೈಯಾಗ.

ಮತ್ತ ಅದು ಉತ್ತರಕ್ಕ ಬರೋದಾದ್ರೂ ಯಾಕ ಅಂತ ಕೇಳಬೇಕು ನೀ. ಬಿಸಿಲು ನೆಟ್ಟಗ ಬೀಳೋ ಕಡಿ ಗಾಳಿ ಬೆಚ್ಚಗಾಗಿ ಮ್ಯಾಲಕ್ಕ ಏಳ್ತದ, ಆ ಜಾಗ ತುಂಬಾಕ ಎರಡೂ ಕಡಿಯಿಂದ ಗಾಳಿ ಬರ್ತದ. ಎದ್ದ ಗಾಳಿ ಮ್ಯಾಲ ಹರಡಿ 30 ಡಿಗ್ರಿ ಹತ್ರ ಕೆಳಗಿಳೀತದ, ಇಳಿಯೋ ಗಾಳಿ ಒಣಗಾಳಿ, ಅದಕ್ಕೇ ಸಹಾರಾ, ಅರಬಸ್ತಾನ, ಥಾರ್ ಎಲ್ಲಾ ಅದೇ ಪಟ್ಟಿಯೊಳಗ ಸಾಲಾಗಿ ಅವ. ಏಳೋ ಪಟ್ಟಿ ಸೂರ್ಯನ ಹಿಂದ ಹಿಂದ ಸರೀತದ, ಬ್ಯಾಸಗಿಯಾಗ ನಮ್ಮ ನೆಲ, ಅದರ ಮ್ಯಾಲ ಟಿಬೆಟ್ಟಿನ ಎತ್ತರದ ಬಯಲು ಕಾದು, ಜುಲೈದಾಗ ಆ ಪಟ್ಟಿ ಗಂಗಾ ಬಯಲಿನ ತನಕ ಹೋಗಿಬಿಡ್ತದ. ಮಡಗಾಸ್ಕರಿನ ಆಚಿ ಕಡಿ ಹೊರಟ ಗಾಳಿ ಅದನ್ನ ಹುಡುಕ್ಕೊಂಡು ಬರ್ತದ, ಸೋಮಾಲಿಯಾದ ಹತ್ರ ನೆಲದಿಂದ ಸುಮಾರು ಒಂದೂವರಿ ಕಿಲೋಮೀಟರ್ ಮ್ಯಾಲ ಇಕ್ಕಟ್ಟಾಗಿ ಜೋರು ಹಿಡೀತದ. ಅದನ್ನ 1969ರಾಗ ಗುರುತಿಸಿ ಬರೆದವರು ಫಿಂಡ್ಲೇಟರ್, ಈಗ್ಲೂ ಫಿಂಡ್ಲೇಟರ್ ಜೆಟ್ ಅಂತಾರ. ಪರೀಕ್ಷೆಯಾಗ ಇದನ್ನ ಬರದ್ರ ಮಾರ್ಕ್ಸ್ ಎಷ್ಟು ಕೊಡ್ತಾರೋ ಏನೋ, ನೀ ಆ ತಾಟಿನ ಚಿತ್ರ ಬರಿ.

ನಿನ್ನ ತಮ್ಮ ಕೇಳ್ಯಾನಂತಲ್ಲ, ವಾಷ್ ಬೇಸಿನ್ನಿನ ನೀರು ಇದರಿಂದಲೇ ಸುತ್ತತದೇನು ಅಂತ. ಇಲ್ಲ. ಅಷ್ಟು ಸಣ್ಣ ಜಾಗದಾಗ ಭೂಮಿ ತಿರುಗೋದರ ಜೋರು ಏನೂ ಅಲ್ಲ, ನೀರು ಹ್ಯಾಂಗ ಬಿತ್ತು, ಬೇಸಿನ್ ಯಾವ ಕಡಿ ಜರಾ ವಾಲ್ಯದ, ಅದರ ಮ್ಯಾಲ ಸುತ್ತತದ. ನೂರಾರು ಕಿಲೋಮೀಟರ್ ಅಗಲದ ಸುಳಿ ಆದ್ರ ಮಾತ್ರ ಈ ಲೆಕ್ಕ.

ಬೀದರಿನಿಂದ ಒಬ್ಬ ಶಿಕ್ಷಕರು: ಮಕ್ಕಳಿಗಿ ಮಹಮೂದ್ ಗವಾನ್ ಮದರಸಾ ತೋರಿಸಾಕ ಹೋದಾಗ ಒಬ್ಬ ಹುಡುಗ ಕೇಳಿದ, ಇರಾನಿನಾವ ಇಲ್ಲಿಗಿ ಹ್ಯಾಂಗ ಬಂದ ಅಂತ. ಹಡಗಿನಾಗ ಅಂದೆ. ಎಂಜಿನ್ ಇಲ್ಲದ ಹಡಗು ಹ್ಯಾಂಗ ನೆಟ್ಟಗ ಇಲ್ಲಿಗೇ ಬಂತು ಅಂದ.

ಆ ಹುಡುಗಗ ನನ್ನ ಶಾಬಾಸ್ ಹೇಳ್ರಿ ಸರ್. ಬೀದರಿನ ಇತಿಹಾಸದಾಗ ಈ ಗಾಳಿದು ದೊಡ್ಡ ಪಾಲದ, ಅದನ್ನ ನಾವು ಮಕ್ಕಳಿಗಿ ಹೇಳೋದೇ ಇಲ್ಲ. ಗಿಲಾನಿನ ವ್ಯಾಪಾರಿ ಗವಾನ್ 1453ರಾಗ ಕೊಂಕಣದ ದಾಭೋಳ ಬಂದರಿಗಿ ಇಳಿದು ಬೀದರಿಗಿ ಬಂದ, ಮದರಸಾ ಕಟ್ಟಿಸಿದ್ದು 1472ರಾಗ. ಅದೇ ಕಾಲಕ್ಕ ರಷ್ಯಾದ ಅಫನಾಸಿ ನಿಕಿತಿನ್ ಹೊರ್ಮುಜ್‌ದಿಂದ ಹಡಗು ಹತ್ತಿ ಚೌಲಕ್ಕ ಬಂದು ಇಳಿದ, ಒಂದು ಕುದುರಿ ತಂದಿದ್ದ, ಅದನ್ನ ಮಾರಿದ್ದು ನಿಮ್ಮ ಬೀದರಿನಾಗೇ. ಬಹಮನಿ ಸುಲ್ತಾನರ ಕುದುರಿ ದಂಡಿಗಿ ಅರಬ್ಬಿ, ಇರಾನಿ ಕುದುರಿ ಬಂದದ್ದೆಲ್ಲಾ ಈ ದಾರಿ.

ಅರಬ್ಬಿ ಸಮುದ್ರದ ಗಾಳಿ ವರ್ಷಕ್ಕ ಎರಡು ಸಲ ದಿಕ್ಕು ಬದಲಿ ಮಾಡ್ತದ. ಬ್ಯಾಸಗಿಯಿಂದ ಸೆಪ್ಟೆಂಬರ್ ತನಕ ನೈಋತ್ಯದಿಂದ ನಮ್ಮ ಕಡಿ, ಚಳಿಗಾಲದಾಗ ಈಶಾನ್ಯದಿಂದ ಅವರ ಕಡಿ. ನಡುವ ಜೂನ್, ಜುಲೈದಾಗ ಸಮುದ್ರ ಹುಚ್ಚೆದ್ದಿರ್ತದ, ಆಗ ಕೊಂಕಣದ ಬಂದರು ಬಂದ್. ಮೊದಲ ಬರಬೇಕು ಇಲ್ಲಾ ಆಮ್ಯಾಲ ಬರಬೇಕು, ವಾಪಸ್ ಹೋಗಬೇಕಂದ್ರ ದೀಪಾವಳಿ ಆಗೋ ತನಕ ಕಾಯಬೇಕು. ಈ ಮಾತು ಕೇಳದಿದ್ದವರಿಗಿ ಏನಾಯ್ತು ನೋಡ್ರಿ: ವಾಸ್ಕೋ ಡ ಗಾಮ 1498ರಾಗ ಆಫ್ರಿಕಾದ ಮಾಲಿಂದಿಯಿಂದ ಕಲ್ಲಿಕೋಟೆ ಕಡಿ ಬಂದಾಗ ಗಾಳಿ ಜೊತಿಗಿತ್ತು, 23 ದಿನದಾಗ ಸಮುದ್ರ ದಾಟಿದ. ಹೋಗೋವಾಗ ಆಗಸ್ಟ್ ಕೊನಿಗೇ ಹೊರಟ, ಗಾಳಿ ಎದುರು, 132 ದಿನ ಹಿಡೀತು, ಅವನ ಮಂದಿ ಸುಮಾರು ಜನ ದಾರಿಯಾಗೇ ಸತ್ತರು.

ಆ ಚಳಿಗಾಲದ ಈಶಾನ್ಯ ಗಾಳಿ ನಮಗೇನು ಹೊಸದಲ್ಲ. ಸಂಕ್ರಾಂತಿ ಆಸುಪಾಸು ತೊಗರಿ ರಾಶಿ ಮಾಡೋವಾಗ ನಮ್ಮಪ್ಪ ಕಣದಾಗ ನಿಂತು ಒಂದು ಹಿಡಿ ಹೊಟ್ಟು ಮ್ಯಾಲ ಮಾಡಿ ಸಣ್ಣಗ ಬಿಡ್ತಿದ್ದ, ಅದು ಯಾವ ಕಡಿ ಹೋಗ್ತದ ನೋಡಿ ಆ ಕಡಿಗಿ ಬೆನ್ನು ಮಾಡದಂಗ ನಿಂತು ತೂರ್ತಿದ್ದ, ಕಾಳು ಕಾಲ ಹತ್ರ ಬೀಳ್ತಿತ್ತು, ಹೊಟ್ಟು ಪಶ್ಚಿಮಕ್ಕ ಹಾರ್ತಿತ್ತು. ಅದು ಮೂಡಗಾಳಿ, ಪುಸ್ತಕದಾಗಿನ ಖರೇ ಖರೇ ವಾಣಿಜ್ಯ ಮಾರುತ, ಗವಾನನ ಕಾಲದ ಹಡಗುಗೋಳನ್ನ ವಾಪಸ್ ಒಯ್ತಿದ್ದದ್ದು ಅದೇ. ಆ ಹುಡುಗನ್ನ ಒಮ್ಮೆ ಕಣಕ್ಕ ಕರ್ಕೊಂಡು ಹೋಗ್ರಿ, ಈಗ ಮಿಷನ್ ಬಂದಾವ ಖರೇ, ಎಲ್ಲೋ ಒಂದ್ಕಡಿ ಇನ್ನೂ ತೂರ್ತಿರ್ತಾರ.

ಯಾದಗಿರಿಯಿಂದ ಒಬ್ಬ ತೊಗರಿ ವ್ಯಾಪಾರಿ: ಗಂಜಿನಾಗ ಪ್ರತಿ ವರ್ಷ ಎಲ್ ನಿನೋ ಬಂತು, ರೇಟ್ ಏರ್ತದ ಅಂತ ಸುದ್ದಿ ಹಬ್ಬತದ. ಪೆರು ದೇಶದ ಸಮುದ್ರ ಬಿಸಿ ಆದ್ರ ನಮ್ಮ ತೊಗರಿಗಿ ಏನ್ರಿ ಸಂಬಂಧ?

ಸಂಬಂಧ ಅದ, ಆದ್ರ ಗಂಜಿನಾಗ ಹೇಳೋಷ್ಟು ನೆಟ್ಟಗಿಲ್ಲ. ಶಾಂತಸಾಗರದಾಗ ಮಾಮೂಲಿ ವರ್ಷ ಗಾಳಿ ಪೂರ್ವದಿಂದ ಪಶ್ಚಿಮಕ್ಕ ಬೀಸಿ ಮ್ಯಾಲಿನ ಬಿಸಿನೀರೆಲ್ಲಾ ಇಂಡೋನೇಷ್ಯಾ ಕಡಿಗಿ ನೂಕ್ತಿರ್ತದ, ಅಲ್ಲಿ ನೀರಿನ ಮಟ್ಟನೇ ಪೆರು ಕಡಿಗಿಂತ ಸುಮಾರು ಅರ್ಧ ಮೀಟರ್ ಎತ್ತರ ಇರ್ತದ. ಪೆರು ದಂಡ್ಯಾಗ ಖಾಲಿ ಆದ ಜಾಗಕ್ಕ ಆಳದಿಂದ ತಣ್ಣೀರು ಎದ್ದು ಬರ್ತದ, ಅದರಾಗ ಮೀನಿಗಿ ಬೇಕಾದ್ದೆಲ್ಲಾ ಇರ್ತದ. ಕೆಲವು ವರ್ಷ ಈ ಗಾಳಿ ಸೋಲ್ತದ, ಬಿಸಿನೀರು ವಾಪಸ್ ಪೂರ್ವಕ್ಕ ಹರೀತದ, ಮೀನು ಸಿಗಲ್ಲ. ಅದು ಕ್ರಿಸ್‌ಮಸ್ ಹೊತ್ತಿಗಿ ಕಾಣಿಸ್ಕೊಳ್ತಿತ್ತು ಅಂತ ಅಲ್ಲಿನ ಮೀನುಗಾರರು ಬಾಲಯೇಸು ಅನ್ನೋ ಅರ್ಥಕ್ಕ ಎಲ್ ನಿನೋ ಅಂದ್ರು. ಬಿಸಿನೀರು ಸರಿದ್ರ ಗಾಳಿ ಏಳೋ ಜಾಗನೂ ಸರೀತದ, ಶಾಂತಸಾಗರದ ನಡುವ ಗಾಳಿ ಏಳ್ತದ, ನಮ್ಮ ಕಡಿ ಇಳೀತದ. ಇಳಿಯೋ ಗಾಳಿ ಮೋಡ ಕಟ್ಟಗೊಡಲ್ಲ.

ಈ ನಂಟು ಮೊದಲ ಹಿಡಿದದ್ದು ನಮ್ಮ ದೇಶದ ಬರಗಾಲದ ಸಲುವಾಗೇ. 1876-78ರ ದೊಡ್ಡ ಬರ ನಮ್ಮ ದಖ್ಖನ್ ಸೀಮಿಯೊಳಗ ಲಕ್ಷಗಟ್ಲೆ ಜನರನ್ನ ತಗೊಂಡು ಹೋಯ್ತು, 1899ರಾಗ ಮತ್ತೊಂದು. 1904ರಾಗ ಭಾರತದ ಹವಾಮಾನ ಇಲಾಖೆಗಿ ಮುಖ್ಯಸ್ಥ ಆಗಿ ಬಂದ ಗಿಲ್ಬರ್ಟ್ ವಾಕರ್ ಗಣಿತದಾವ, ಮಳಿ ಮೊದಲೇ ಹೇಳಬೇಕು ಅಂತ ಜಗತ್ತಿನ ಮೂಲಿಮೂಲಿಯಿಂದ ವಾಯುಭಾರದ ಅಂಕಿ ತರಿಸಿ, ಕಂಪ್ಯೂಟರ್ ಇಲ್ಲದ ಕಾಲದಾಗ ಗುಮಾಸ್ತರನ್ನ ಕೂಡಿಸಿ ಕೈಲೇ ಲೆಕ್ಕ ಹಾಕಿಸಿದ. ಶಾಂತಸಾಗರದ ಒಂದು ಕಡಿ ಒತ್ತಡ ಏರಿದ್ರ ಹಿಂದೂ ಮಹಾಸಾಗರದ ಕಡಿ ಇಳೀತದ, ತಕ್ಕಡಿ ಇದ್ದಂಗ. ಆದ್ರ ಯಾಕ ಅಂತ ಅವಗ ಹೊಳೀಲಿಲ್ಲ, ಅದನ್ನ ಸಮುದ್ರದ ಬಿಸಿನೀರಿನ ಜೊತಿ ಕೂಡಿಸಿ ಹೇಳಿದಾವ ಬ್ಯರ್ಕ್‌ನೆಸ್, 1969ರಾಗ. ನಮ್ಮ ಬರ ಅಳಿಯಾಕ ಹೊರಟ ಲೆಕ್ಕ ಇಡೀ ಜಗತ್ತಿನ ಹವಾಮಾನದ ಬೀಗದ ಕೈ ಆಯ್ತು ಅಂತ ಓದಿದಾಗೆಲ್ಲಾ ನನಗ ಮೈ ಜುಮ್ ಅಂತದ.

ಈಗ ನಿಮ್ಮ ರೇಟಿನ ಮಾತು. 2002, 2009, 2015 ಮೂರೂ ಎಲ್ ನಿನೋ ವರ್ಷ, ಮೂರೂ ಬರ. 2023ನೂ ಎಲ್ ನಿನೋ, ಕರ್ನಾಟಕದ 236 ತಾಲೂಕಿನಾಗ 223 ಬರಪೀಡಿತ ಅಂತ ಸರ್ಕಾರ ಘೋಷಣಾ ಮಾಡಿತು. ಆದ್ರ 1997? ಆ ಶತಮಾನದ ದೊಡ್ಡ ಎಲ್ ನಿನೋದಾಗ ಒಂದು, ದೇಶದಾಗ ಮಳಿ ಮಾತ್ರ ಸರಾಸರಿಗಿಂತ ಜರಾ ಜಾಸ್ತಿನೇ ಆಯ್ತು. ಯಾಕಂದ್ರ ನಮ್ಮ ಹಿಂದೂ ಮಹಾಸಾಗರಕ್ಕ ತನ್ನದೇ ಒಂದು ತಕ್ಕಡಿ ಅದ, ಆಫ್ರಿಕಾ ಕಡಿ ಬಿಸಿ, ಸುಮಾತ್ರಾ ಕಡಿ ತಣ್ಣಗ ಆದ್ರ ನಮಗ ಒಳ್ಳೇದು. ಅದನ್ನ 1999ರಾಗ ಸಾಜಿ, ಯಮಗಾಟಾ ಮತ್ತವರ ಜೊತಿಗಾರರು ಗುರುತಿಸಿ ದ್ವಿಧ್ರುವ ಅಂತ ಹೆಸರಿಟ್ರು, 1997ರಾಗ ಅದು ನಮ್ಮ ಕಡಿ ವಾಲಿತ್ತು. ಹಂಗಾಗಿ ಎಲ್ ನಿನೋ ಅಂದ ಕೂಡ್ಲೇ ಗೋದಾಮು ತುಂಬಬ್ಯಾಡ್ರಿ, ರೈತರಿಗೂ ಹೆದರಿಸಬ್ಯಾಡ್ರಿ. ಎರಡೂ ಸಮುದ್ರ ನೋಡಿ ಮಾತಾಡಬೇಕು. ಇಷ್ಟಾದ್ರೂ ದೇಶದ ಸರಾಸರಿ ಬ್ಯಾರೆ, ನಮ್ಮ ಮೂರು ಜಿಲ್ಲಾದ ಮಳಿ ಬ್ಯಾರೆ, ಮ್ಯಾಲ ಹೇಳಿದಂಗ ಕೊಲ್ಲಿಯಿಂದ ಎರಡು ಸುಳಿ ಬರಾಬರ್ ದಾರಿ ಹಿಡಿದು ಬಂದ್ರ ನಮ್ಮ ವರ್ಷನೇ ಬದಲಾಗ್ತದ.

ಚಿತ್ತಾಪುರದಿಂದ ಒಬ್ಬ ಗೃಹಿಣಿ: ನಮ್ಮ ಮನಿಯವರು ದುಬೈದಾಗ ಕೆಲಸಕ್ಕಿದ್ದಾರ. ಹೈದರಾಬಾದಿನಿಂದ ಹೋಗಾಕ ಹತ್ತೋ ಟೈಮಿಗಿಂತ ಬರಾಕ ಅರ್ಧ ತಾಸು ಕಮ್ಮಿ ಹತ್ತತದ ಅಂತಾರ. ಮನಿಗಿ ಬರೋವಾಗ ಪೈಲಟ್ ಜೋರು ಬಿಡ್ತಾನೇನು?

ಪೈಲಟ್ ಅಲ್ರಿ ಅಕ್ಕಾರ, ಗಾಳಿ. ಹತ್ತು ಹನ್ನೆರಡು ಕಿಲೋಮೀಟರ್ ಮ್ಯಾಲ ಪಶ್ಚಿಮದಿಂದ ಪೂರ್ವಕ್ಕ ಹರಿಯೋ ಒಂದು ಗಾಳಿ ಹೊಳಿ ಅದ, ಜೆಟ್ ಸ್ಟ್ರೀಮ್ ಅಂತಾರ, ಚಳಿಗಾಲದಾಗ ಅದು ಅರಬಸ್ತಾನ, ಉತ್ತರ ಭಾರತದ ಮ್ಯಾಲೆ ಬರ್ತದ, ಗಂಟೆಗಿ 150 ಕಿಲೋಮೀಟರಿಗಿಂತ ಜಾಸ್ತಿ ಜೋರು ಇರ್ತದ. ಬರೋ ವಿಮಾನಕ್ಕ ಅದು ಬೆನ್ನಿಗಿ, ಹೋಗೋ ವಿಮಾನಕ್ಕ ಎದಿಗಿ. ಮಳಿಗಾಲದಾಗ ಅದು ಹಿಮಾಲಯದ ಆಚಿ ಸರೀತದ, ಆಗ ಈ ಫರಕು ಕಮ್ಮಿ ಆಗ್ತದ.

ಸುರಪುರದಿಂದ ಆರನೇ ಕ್ಲಾಸಿನ ಹುಡುಗಿ: ಸಮುದ್ರದ ಒಳಗೂ ಹೊಳಿ ಇರ್ತಾವ ಅಂತ ನಮ್ಮ ಟೀಚರ್ ಹೇಳಿದ್ರು. ನಮ್ಮ ಕೃಷ್ಣಾ ನೀರು ಸಮುದ್ರಕ್ಕ ಹೋದ ಮ್ಯಾಲ ಎಲ್ಲಿಗಿ ಹೋಗ್ತದ? ಮತ್ತ ನಮ್ಮ ಊರಿಗಿ ಬರ್ತದೇನು?

ಅವ್ವೀ, ನಿನ್ನ ಪ್ರಶ್ನೆ ಓದಿ ಖುಷಿ ಆಯ್ತು. ನಾರಾಯಣಪುರ ಡ್ಯಾಮ್ ಬಿಟ್ಟ ನೀರು ರಾಯಚೂರ ಕಡಿ ಹೋಗಿ, ಭೀಮಾನ್ನ ಕೂಡ್ಕೊಂಡು, ಆಂಧ್ರದಾಗ ಹಂಸಲದೀವಿ ಹತ್ರ ಬಂಗಾಳ ಕೊಲ್ಲಿಗಿ ಸೇರ್ತದ. ಅಲ್ಲಿ ದಂಡಿ ಗುಂಟ ಒಂದು ಪ್ರವಾಹ ಅದ. ಅದೂ ಗಾಳಿ ಜೊತಿ ದಿಕ್ಕು ಬದಲಿ ಮಾಡ್ತದ: ಮಾರ್ಚ್ ಏಪ್ರಿಲ್‌ದಾಗ ಉತ್ತರಕ್ಕ ಕಲ್ಕತ್ತಾ ಕಡಿ, ಅಕ್ಟೋಬರಿನಿಂದ ಡಿಸೆಂಬರ್ ತನಕ ದಕ್ಷಿಣಕ್ಕ. ಮಳಿಗಾಲದ ನೀರು ಸಿಹಿನೀರು, ಉಪ್ಪುನೀರಿಗಿಂತ ಹಗುರ, ಮ್ಯಾಲೆ ಮ್ಯಾಲೆ ತೇಲ್ತಾ ಚೆನ್ನೈ ಮುಂದ ಹಾದು ಶ್ರೀಲಂಕಾದ ತನಕ ಹೋಗ್ತದ.

ಸಮುದ್ರದ ಹೊಳಿ ಎಷ್ಟು ದೂರ ಒಯ್ತದ ಅಂತ ತಿಳೀಬೇಕಾ? 1992ರ ಜನವರಿಯಾಗ ಹಾಂಗ್‌ಕಾಂಗ್‌ದಿಂದ ಅಮೆರಿಕಕ್ಕ ಹೊಂಟಿದ್ದ ಒಂದು ಹಡಗಿನಿಂದ ಬಿರುಗಾಳಿಯಾಗ ಕಂಟೇನರ್ ಬಿದ್ದು ಒಡೀತು, 28,800 ಪ್ಲಾಸ್ಟಿಕ್ ಆಟಿಗಿ ನೀರಿಗಿ ಬಿದ್ದವು. ಹಳದಿ ಬಾತುಕೋಳಿ, ಹಸಿರು ಕಪ್ಪಿ, ನೀಲಿ ಆಮಿ, ಕೆಂಪು ಬೀವರ್. ಹತ್ತು ತಿಂಗಳಿಗಿ ಸುಮಾರು 3200 ಕಿಲೋಮೀಟರ್ ದೂರದ ಅಲಾಸ್ಕಾದ ಸಿಟ್ಕಾ ಊರ ದಂಡಿಗಿ ಹತ್ತಿದವು. ಆಮ್ಯಾಲ ಎಷ್ಟೋ ವರ್ಷ ಅಲ್ಲಲ್ಲಿ ಸಿಗ್ತಾನೇ ಇದ್ದವು, ಅವನ್ನ ಲೆಕ್ಕ ಹಾಕಿ ವಿಜ್ಞಾನಿಗಳು ಪ್ರವಾಹದ ದಾರಿ ಬರ್ಕೊಂಡ್ರು. ನಮ್ಮ ಅರಬ್ಬಿ ಸಮುದ್ರದ ಆಚಿ ದಂಡ್ಯಾಗ ಸೋಮಾಲಿ ಪ್ರವಾಹ ಅದ, ಅದು ಮಳಿಗಾಲದಾಗ ಉತ್ತರಕ್ಕ ಓಡ್ತದ, ಚಳಿಗಾಲದಾಗ ಹೊಳ್ಳಿ ದಕ್ಷಿಣಕ್ಕ. ಅಷ್ಟು ದೊಡ್ಡ ಪ್ರವಾಹ ಹಿಂಗ ಪೂರಾ ದಿಕ್ಕು ಬದಲಿ ಮಾಡೋದು ಬ್ಯಾರೆ ಕಡಿ ಕಾಣಲ್ಲ.

ಮತ್ತ ನಮ್ಮ ಊರಿಗಿ ಬರ್ತದೇನು ಅಂದಿ. ಹನಿಗಿ ಹೆಸರು ಬರದು ಬಿಡಾಕ ಆಗಲ್ಲ, ಆದ್ರ ಕೊಲ್ಲಿಯ ನೀರು ಬಿಸಿಲಿಗಿ ಆವಿ ಆಗ್ತದ, ಸುಳಿ ಎದ್ದಾಗ ಅದೇ ಆವಿ ಮೋಡ ಆಗಿ ತೆಲಂಗಾಣ ದಾಟಿ ನಮ್ಮ ಕಡಿ ಬರ್ತದ. ಹಂಗಾಗಿ ಬರಬಹುದು. ಉತ್ತರಿ ಮಳಿ ಸುರು ಆದಾಗ ಮಾಳಗಿ ಹತ್ತಿ ನೋಡು, ಅವ್ವನ್ನ ಜೊತಿಗಿ ಕರ್ಕೊಂಡು ಹತ್ತು, ಮೋಡ ಯಾವ ಕಡಿಯಿಂದ ಬಂದವು, ನೆಲದ ಗಾಳಿ ಯಾವ ಕಡಿಯಿಂದ ಬೀಸಿತು, ತಾರೀಕು ಹಾಕಿ ನೋಟ್‌ಬುಕ್ಕಿನಾಗ ಬರ್ಕೋ. ಹದಿನೈದು ದಿನದ್ದು ಬರದು ಕಳಿಸಿದ್ರ ಇದೇ ಪುಟದಾಗ ಹಾಕ್ತೀನಿ.